ಅರಾಮದೀರಿ?

ರಾಯಚೂರು ಜಿಲ್ಲೆಯ ತುರ್ವಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸು ಸುಮ್ಮನೆ ನಿಂತರೆ ಸಾಕು, ಒಂದೇ ಒಂದು ಪದ ಎಷ್ಟು ಬಾಯಲ್ಲಿ ಎಷ್ಟು ನಮೂನೆ ಹೊರಳುತ್ತದೆ ಅನ್ನುವುದು ಕಿವಿಗೆ ಬೀಳುತ್ತದೆ. ಸಿಂಧನೂರಿನ ಬಸ್ಸಿನಿಂದ ಇಳಿದವನನ್ನು ಕಂಡು ಚಾದಂಗಡಿ ಮುಂದೆ ಕೂತವನು ಗದ್ದ ತುಸು ಮೇಲೆತ್ತಿ ‘ಅರಾಮಾ?’ ಅನ್ನುತ್ತಾನೆ. ಇಳಿದವನು ಹೆಗಲ ಚೀಲ ಸರಿಮಾಡಿಕೊಳ್ಳುತ್ತ ‘ಅರಾಮ್’ ಅನ್ನುತ್ತಾನೆ. ಕೇಳಿದ್ದೂ ಅದೇ ಪದ, ಹೇಳಿದ್ದೂ ಅದೇ ಪದ, ನಡುವೆ ಬದಲಾದದ್ದು ರಾಗ ಮಾತ್ರ. ಆಚೆ ತಾವರಗೇರಾ ಕಡೆಯ ಬಸ್ಸಿಗೆ ಕಾಯುತ್ತಿರುವ ಮುದುಕಿ ತನ್ನ ಊರಿನ ಹುಡುಗನನ್ನು ಗುರುತಿಸಿ ‘ಅರಾಮದಿಯೇನೋ ಯಪ್ಪಾ?’ ಅಂದರೆ, ಅಂಗಡಿಯ ಸಾಹುಕಾರ ಮಸ್ಕಿಯಿಂದ ಬಂದ ಮೇಷ್ಟ್ರಿಗೆ ‘ಅರಾಮದೀರೇನ್ರೀ ಸರ?’ ಅನ್ನುತ್ತಾನೆ. ಗೆಳೆಯರ ನಡುವೆ ಅದು ಇನ್ನೂ ಮೊಟಕಾಗಿ ‘ಏನ್ಲೇ, ಅರಾಮ?’ ಆಗುತ್ತದೆ. ಮೈಸೂರು ಕಡೆಯ ‘ಚೆನ್ನಾಗಿದ್ದೀರಾ?’, ಕರಾವಳಿಯ ‘ಸೌಖ್ಯವಾ?’ ಇವುಗಳ ಜಾಗದಲ್ಲಿ ಕೃಷ್ಣೆ-ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡಿನಲ್ಲಿ ಕೂತಿರುವ ಪದ ಇದು. ನಮಸ್ಕಾರ ನಮ್ಮಲ್ಲೂ ಉಂಟು. ಆದರೆ ಅದು ಸಭೆಗೆ, ಭಾಷಣಕ್ಕೆ, ಹೊಸಬರಿಗೆ. ಬಲ್ಲವರಿಗೆ ಅರಾಮ.

ಈ ಪದದಿಂದ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೂ ನಮ್ಮ ಕಡೆ ಒಂದು ಕ್ರಮವಿದೆ. ಒಗ್ಗರಣಿ-ಮಿರ್ಚಿ ಹೋಟೆಲಿನಲ್ಲಿ, ಪೇಪರಿನ ತುಂಡಿನ ಮೇಲೆ ಬಿದ್ದ ಬಿಸಿ ಮಿರ್ಚಿ ಆರಲಿ ಎಂದು ಕಾಯುತ್ತ ಇಬ್ಬರು ಮಾತಾಡುವುದನ್ನು ಕೇಳಿ.

‘ಏನ್ ಮಾವ, ಅರಾಮದೀರಿ?’

‘ಹೂಂನಪಾ ಅಳಿಯ, ಅರಾಮದೀನಿ. ನೀ ಅರಾಮದಿಯಾ?’

‘ನಾನೂ ಅರಾಮ ನೋಡ್ರಿ. ಮನಿಯಾಗ ಅತ್ತಿ, ಹುಡುಗ್ರು ಎಲ್ಲಾರೂ ಅರಾಮದಾರ?’

‘ಎಲ್ಲಾರೂ ಅರಾಮ. ನಿಮ್ಮವ್ವಗ ಮೊಣಕಾಲು ಬ್ಯಾನಿ ಅಂತಿದ್ರಲ್ಲ, ಈಗ ಹೆಂಗೈತಿ?’

‘ಈಗ ಜರಾ ಅರಾಮೈತ್ರಿ. ಎದ್ದು ಅಡ್ಡಾಡಾಕತ್ಯಾಳ.’

‘ದನ-ಕರ?’

‘ಅವೂ ಅರಾಮ. ಕಾಲುವಿಗೆ ನೀರು ಬಂದ್ರ ಎಲ್ಲಾ ಅರಾಮ ನೋಡ್ರಿ ಮಾವ.’

ಮೊದಲು ಎದುರಿಗಿದ್ದವನು, ಆಮೇಲೆ ಅವನ ಮನೆ, ಆಮೇಲೆ ಮನೆಯಲ್ಲಿ ನೋವಿರುವವರು, ಆಮೇಲೆ ಕೊಟ್ಟಿಗೆ, ಕೊನೆಗೆ ಹೊಲ ಮತ್ತು ನೀರು. ಒಂದು ಒಕ್ಕಲುತನದ ಮನೆಗೆ ಬೇಕಾದ ಎಲ್ಲವೂ ಈ ಪ್ರಶ್ನೆಯ ಒಳಗೆ ಸರದಿಯಾಗಿ ಬಂದು ಹೋಗುತ್ತವೆ. ಈ ಮಾವ-ಅಳಿಯ ರಕ್ತಸಂಬಂಧಿಗಳೇ ಆಗಿರಬೇಕಿಲ್ಲ. ಒಬ್ಬ ಲಿಂಗಾಯತ, ಇನ್ನೊಬ್ಬ ಕುರುಬ ಇರಬಹುದು. ಒಬ್ಬ ನಾಯಕ, ಇನ್ನೊಬ್ಬ ಸಾಬರವನಿರಬಹುದು. ಕಾಕಾ, ಮಾವ, ಅಣ್ಣ, ಯಕ್ಕ, ಮುತ್ಯಾ ಎಂಬ ವರಸೆಗಳು ನಮ್ಮ ಹಳ್ಳಿಗಳಲ್ಲಿ ಜಾತಿ-ಮತ ದಾಟಿ ಓಡಾಡುತ್ತವೆ, ಮತ್ತು ಅರಾಮ ಅವುಗಳ ಜೊತೆಗೇ ಓಡಾಡುತ್ತದೆ.

ಪದ ಚಿಕ್ಕದು, ಅದು ಹೊರುವ ಅರ್ಥಗಳು ಬಹಳ. ಕಾಯಿಲೆ ಬಿದ್ದವರನ್ನು ನಾವು ‘ಅರಾಮಿಲ್ಲ’ ಅನ್ನುತ್ತೇವೆ. ‘ಅವಗ ಅರಾಮಿಲ್ಲ’ ಅಂದರೆ ಜ್ವರದಿಂದ ಹಿಡಿದು ದೊಡ್ಡ ಆಪರೇಷನ್ನಿನವರೆಗೆ ಯಾವುದೂ ಆಗಬಹುದು. ಗುಣವಾದರೆ ‘ಅರಾಮಾತು’. ಊರಿಗೆ ಹೊರಟವರಿಗೆ ‘ಅರಾಮ ಹೋಗಿ ಬರ್ರಿ’ ಅಂದರೆ ನಿಧಾನವಾಗಿ, ಜೋಪಾನವಾಗಿ ಹೋಗಿ ಎಂಬ ಹಾರೈಕೆ. ಮನೆಗೆ ಬಂದವರಿಗೆ ‘ಅರಾಮ ಕುಂದರ್ರಿ’ ಅಂದರೆ ಸಂಕೋಚ ಬಿಟ್ಟು ಕೂತುಕೊಳ್ಳಿ ಎಂಬ ಉಪಚಾರ. ‘ಇಷ್ಟು ಹತ್ತಿ ಒಂದು ದಿನದಾಗ ಅರಾಮಸಿ ಬಿಡಿಸ್ಬಹುದು’ ಅಂದರೆ ಅನಾಯಾಸವಾಗಿ ಎಂದರ್ಥ. ‘ಮಗಳ ಮದಿವಿ ಆತು, ಈಗ ಅರಾಮ ಅದಾನ’ ಅಂದರೆ ಹೆಗಲ ಭಾರ ಇಳಿದಿದೆ ಎಂದರ್ಥ. ಆರೋಗ್ಯ, ನಿಧಾನ, ಸುರಕ್ಷೆ, ಸಲೀಸು, ಸಾಲ-ಚಿಂತೆಗಳಿಲ್ಲದ ಮನಸ್ಸು ಇಷ್ಟೂ ಒಂದೇ ಪದದಲ್ಲಿ ಇವೆ. ಇಷ್ಟನ್ನೂ ಒಟ್ಟಿಗೆ ಕೇಳುವುದೇ ‘ಅರಾಮದೀರಿ?’

ಎಲ್ಲಿಂದ ಬಂತು ಇದು? ಹೆಚ್ಚಿನವರು ಉರ್ದುವಿನಿಂದ ಅನ್ನುತ್ತಾರೆ, ಅದು ಸರಿ. ಉರ್ದುವಿಗೆ ಫಾರಸಿಯಿಂದ ಬಂದದ್ದು. ಫಾರಸಿಯಲ್ಲಿ ಆರಾಮ್ ಎಂದರೆ ಶಾಂತ, ನೆಮ್ಮದಿ, ನಿಧಾನ. ಇವತ್ತಿಗೂ ಇರಾನಿನಲ್ಲಿ ದೊಡ್ಡವರ ಸಮಾಧಿಗೆ ಆರಾಮ್‌ಗಾಹ್ ಎನ್ನುತ್ತಾರೆ, ಅಂದರೆ ವಿಶ್ರಾಂತಿಯ ಜಾಗ. ಶಿರಾಜ್ ಪಟ್ಟಣದಲ್ಲಿ ಕವಿ ಹಾಫಿಜ್ ಮಲಗಿರುವ ಉದ್ಯಾನಕ್ಕೂ ಅದೇ ಹೆಸರು. ಹಾಫಿಜ್ ನೆನಪಾದ ಮೇಲೆ ನಮ್ಮ ಕಡೆಯ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ನೆಲೆಗೊಂಡಿತು. ಆ ಶತಮಾನದ ಕೊನೆಯ ಹೊತ್ತಿಗೆ ಆಳುತ್ತಿದ್ದ ಎರಡನೆಯ ಮುಹಮ್ಮದ್ ಶಾಹನಿಗೆ ಯುದ್ಧಕ್ಕಿಂತ ಕಾವ್ಯ ಪ್ರೀತಿ. ಅವನ ಮಂತ್ರಿ ಮೀರ್ ಫಜಲುಲ್ಲಾ ಇಂಜೂ ಶಿರಾಜಿಗೆ ಹಣ ಕಳಿಸಿ ಹಾಫಿಜನನ್ನು ದಖ್ಖನಿಗೆ ಕರೆದ. ಕವಿ ಹೊರಟ. ಹೊರ್ಮುಜ್ ಬಂದರಿನವರೆಗೂ ಬಂದು ಹಡಗು ಹತ್ತಿದ. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಸಮುದ್ರದ ಭಯಕ್ಕೆ ಇಳಿದು, ಒಂದು ಗಜಲ್ ಬರೆದು ಕಳಿಸಿ ಶಿರಾಜಿಗೆ ಮರಳಿದ. ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದುಕೊಂಡು ಚರಿತ್ರೆ ಬರೆದ ಫಿರಿಷ್ತಾ ಈ ಕಥೆ ಹೇಳುತ್ತಾನೆ. ಹಾಫಿಜ್ ಬರಲಿಲ್ಲ, ಅವನ ಭಾಷೆ ಬಂತು. ಸೈನಿಕರ, ಸೂಫಿಗಳ, ಕುದುರೆ ವ್ಯಾಪಾರಿಗಳ, ಗಾರೆ ಕೆಲಸದವರ ಜೊತೆ ಬಂತು. ಇಲ್ಲಿಯ ಕನ್ನಡ, ತೆಲುಗು, ಮರಾಠಿಗಳ ನಡುವೆ ಬದುಕಿ ದಖನಿ ಉರ್ದು ಬೆಳೆಯಿತು.

ಬಹಮನಿಗಳ ನಂತರ ಆದಿಲ್‌ಶಾಹಿಗಳು, ಅವರ ನಂತರ ಮೊಗಲರು, ಅವರ ನಂತರ ನಿಜಾಮರು. ಹೈದರಾಬಾದ್ ಸಂಸ್ಥಾನದ ದಫ್ತರದ ಭಾಷೆ 1880ರ ದಶಕದವರೆಗೆ ಫಾರಸಿ, ಆಮೇಲೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲೇ ಪಾಠ ಹೇಳಿತು. ನಮ್ಮ ಅಜ್ಜಂದಿರ ಕಾಲದ ಅಕ್ಷರಸ್ಥರು ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಉರ್ದು ಕಲಿತವರು. 1905ರವರೆಗೆ ಲಿಂಗಸುಗೂರೇ ಒಂದು ಜಿಲ್ಲೆಯಾಗಿತ್ತು. ಅಲ್ಲಿಯ ದಫ್ತರದ ಕಾಗದಗಳು ಹೆಚ್ಚಾಗಿ ಫಾರಸಿ-ಉರ್ದು ಲಿಪಿಯಲ್ಲೇ ಓಡಾಡಿದವು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಕನ್ನಡ ನಾಡಿನ ಜೊತೆ ಸೇರಿತು. ಆಳಿದವರು ಹೋದರು, ಅವರ ಕೆಲವು ಪದಗಳು ಉಳಿದವು. ಹೆಚ್ಚಿನವು ಕಾಗದದಲ್ಲಿ ಉಳಿದವು: ತಹಶೀಲು, ಜಮಾಬಂದಿ, ದಸ್ತಾವೇಜು, ದರಖಾಸ್ತು. ಇವನ್ನು ರೈತ ಇವತ್ತಿಗೂ ಆಫೀಸಿನ ಮೆಟ್ಟಿಲು ಹತ್ತುವಾಗ ಬಾಯಿಗೆ ತಂದುಕೊಳ್ಳುತ್ತಾನೆ, ಇಳಿಯುವಾಗ ಅಲ್ಲೇ ಬಿಟ್ಟು ಬರುತ್ತಾನೆ. ಅರಾಮ ಹಾಗಲ್ಲ. ಅದು ದಫ್ತರದಲ್ಲಿ ನಿಲ್ಲದೆ ಸೀದಾ ಅಡುಗೆಮನೆಗೆ ಹೋಯಿತು. ರೊಟ್ಟಿ ಬಡಿಯುವ ಅವ್ವನ ಬಾಯಲ್ಲಿ, ತೊಟ್ಟಿಲು ತೂಗುವ ಅಜ್ಜಿಯ ಬಾಯಲ್ಲಿ ನೆಲೆಸಿತು. ಹೊರಗಿನದು ಎಂಬ ಗುರುತೇ ಉಳಿಯದಷ್ಟು ಮನೆಯದಾಯಿತು.

ಆದರೆ ಹೊರಗಿನದು ಅನ್ನುವಾಗಲೂ ತುಸು ತಡೆಯಬೇಕು. ಸಂಸ್ಕೃತದಲ್ಲೂ ಆರಾಮ ಇದೆ. ರಮ್ ಎಂಬ ಧಾತುವಿಗೆ ನಿಲ್ಲು, ತಂಗು, ನೆಮ್ಮದಿಯಾಗಿರು, ಸಂತೋಷಪಡು ಎಂಬ ಅರ್ಥಗಳು. ಅದರಿಂದಲೇ ವಿರಾಮ, ರಮ್ಯ, ಅಭಿರಾಮ, ರಾಮ. ಇರಾನಿನ ಹಳೆಯ ಅವೆಸ್ತಾ ಭಾಷೆಯಲ್ಲೂ ಶಾಂತಿಗೆ ರಾಮನ್ ಎಂದೇ ಹೆಸರು; ಪಾರಸಿಗಳ ಪಂಚಾಂಗದಲ್ಲಿ ತಿಂಗಳ 21ನೆಯ ದಿನವನ್ನು ಇವತ್ತಿಗೂ ರಾಮ್ ಅನ್ನುತ್ತಾರೆ. ಫಾರಸಿಯ ಆರಾಮ್ ಮತ್ತು ಸಂಸ್ಕೃತದ ಆರಾಮ ಒಂದೇ ಬೇರಿನ ಎರಡು ಟಿಸಿಲುಗಳು. ಒಂದು ಇರಾನಿನಲ್ಲಿ ನೆಮ್ಮದಿ ಎಂಬ ಅರ್ಥವನ್ನು ಹಿಡಿದುಕೊಂಡಿತು. ಇನ್ನೊಂದು ಇಲ್ಲಿ ನೆಮ್ಮದಿ ಸಿಗುವ ಜಾಗದ ಹೆಸರಾಯಿತು, ಅಂದರೆ ತೋಪು, ಉದ್ಯಾನ. ಕನ್ನಡ ಅದನ್ನು ಬಹಳ ಹಿಂದೆಯೇ ತನ್ನದಾಗಿಸಿಕೊಂಡು ‘ಆರವೆ’ ಎಂದು ಕರೆಯಿತು. ಕೆರೆ ಕಟ್ಟಿಸಿದವರು, ಬಾವಿ ತೋಡಿಸಿದವರು, ಆರವೆ ಬೆಳೆಸಿದವರು ನಮ್ಮ ನಾಡಿನ ಶಾಸನಗಳಲ್ಲಿ ಪುಣ್ಯವಂತರು. ಲಂಬಾಣಿ ತಂಡಾದ ಹಿರಿಯರು ‘ರಾಮ್ ರಾಮ್’ ಎಂದು ಕೈ ಎತ್ತುವುದನ್ನೂ, ಊರಿನವರು ‘ಅರಾಮಾ?’ ಅನ್ನುವುದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎರಡರೊಳಗೂ ಅದೇ ರಮ್ ಇದೆ.

ಬೌದ್ಧ ಭಿಕ್ಷುಗಳ ವಸತಿಗೂ ಆರಾಮ ಎಂದೇ ಹೆಸರು. ಮಳೆಗಾಲದಲ್ಲಿ ಊರೂರು ಅಲೆಯದೆ ಒಂದು ಕಡೆ ತಂಗಬೇಕು ಎಂಬ ನಿಯಮ ಬಂದಾಗ ಧನಿಕರು ತಮ್ಮ ತೋಪುಗಳನ್ನು ಸಂಘಕ್ಕೆ ಬಿಟ್ಟುಕೊಟ್ಟರು. ತೋಪಿನಲ್ಲಿ ಕಟ್ಟಡ ಎದ್ದಿತು, ಹೆಸರು ತೋಪಿನದೇ ಉಳಿಯಿತು. ಹಾಗೆ ಸಂಘಾರಾಮ ಬಂತು, ಶ್ರೀಲಂಕಾದ ಅನುರಾಧಪುರದಲ್ಲಿ ಥೂಪಾರಾಮ ಬಂತು, ಥಾಯ್ಲೆಂಡಿನ ಎಷ್ಟೋ ದೇವಾಲಯಗಳ ಹೆಸರಿನ ಕೊನೆಗೆ ‘ಆರಾಮ್’ ಬಂದು ಕೂತಿತು. ಇದನ್ನು ಹೇಳುವಾಗ ನನ್ನ ಕಣ್ಣು ತಾನಾಗಿ ಮಸ್ಕಿಯ ಗುಡ್ಡದ ಕಡೆ ಹೊರಳುತ್ತದೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಇಂಜಿನಿಯರ್ ಅಲ್ಲಿಯ ಬಂಡೆಯ ಮೇಲೆ ಬ್ರಾಹ್ಮಿ ಬರಹ ಕಂಡ. ಅಲ್ಲಿಯವರೆಗೆ ಸಿಕ್ಕ ಬಂಡೆಗಳೆಲ್ಲ ರಾಜನನ್ನು ‘ದೇವಾನಾಂಪ್ರಿಯ’ದಂಥ ಬಿರುದುಗಳಿಂದಷ್ಟೇ ಕರೆಯುತ್ತಿದ್ದವು. ಅವನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಮುಂದೆ ತುಂಗಭದ್ರೆಯ ಆಚೆ ಸಿರುಗುಪ್ಪದ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಮಸ್ಕಿಯ ಬಂಡೆಯಲ್ಲಿ ರಾಜ ತಾನು ಸಂಘವನ್ನು ಸೇರಿ ಹುರುಪಿನಿಂದ ನಡೆದುಕೊಂಡದ್ದನ್ನು ಹೇಳಿ, ಈ ಒಳ್ಳೆಯದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಎಟಕುವಂಥದ್ದು ಎಂದು ಸಾರುತ್ತಾನೆ. ಎರಡು ಸಾವಿರ ವರ್ಷಕ್ಕೂ ಹಳೆಯ ಈ ಮಾತನ್ನು ಇನ್ನೊಂದು ಗಳಿಗೆ ನೆನಪಿನಲ್ಲಿಡಿ, ಮತ್ತೆ ಬೇಕಾಗುತ್ತದೆ.

ಕನ್ನಡದ್ದೇ ಆದ ಒಂದು ಧಾತುವೂ ಇಲ್ಲಿ ಪಕ್ಕದಲ್ಲಿ ಬಂದು ನಿಲ್ಲುತ್ತದೆ: ಆರು. ಕಾದ ಹಾಲು ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಗಾಯ ಆರುತ್ತದೆ, ದಣಿವು ಆರುತ್ತದೆ. ವಂಶದಲ್ಲಿ ಇದಕ್ಕೂ ಆ ಆರಾಮಕ್ಕೂ ಸಂಬಂಧವಿಲ್ಲ. ಆದರೂ ಗಾಯ ಆರುವುದು, ದಣಿವು ಆರುವುದು ಎಂದು ದಿನವೂ ಆಡುವ ಕಿವಿಗೆ ‘ಅರಾಮ’ ಎಂಬ ಸದ್ದು ಪರಕೀಯವೆನಿಸುವುದು ಹೇಗೆ? ದಾರಿ ನಡೆದು ಬಂದವರಿಗೆ ‘ಆಸರಕ್ಕ ಏನು ತಗೊಂತೀರಿ?’ ಎಂದು ಕೇಳುವ ಊರು ನಮ್ಮದು. ಆಸರ-ಬ್ಯಾಸರ ತಿಳಿದವರಿಗೆ ಅರಾಮ ತಿಳಿಯುವುದು ತಡವಾಗಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ನೆಮ್ಮದಿ ಎಂಬ ಪದವನ್ನು ದಿನದ ಮೊದಲ ಮಾತಾಗಿ ಮಾಡಿಕೊಂಡ ಈ ನೆಲ ಚರಿತ್ರೆಯಲ್ಲಿ ನೆಮ್ಮದಿ ಕಂಡದ್ದು ಕಡಿಮೆ. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ವಿಜಯನಗರ ಮತ್ತು ಬಹಮನಿಗಳು ತಲೆಮಾರುಗಟ್ಟಲೆ ಹೊಡೆದಾಡಿದರು. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ಒಂದು ಯುದ್ಧವೇ ನಡೆಯಿತು ಎಂದು ಫಿರಿಷ್ತಾ ಹೇಳುತ್ತಾನೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗಾಗಿ ಇಸ್ಮಾಯಿಲ್ ಆದಿಲ್‌ಶಾಹನ ಮೇಲೆ ಏರಿ ಬಂದ. 1565ರಲ್ಲಿ ಕೃಷ್ಣೆಯ ದಂಡೆಯಲ್ಲಿ ವಿಜಯನಗರದ ದೊಡ್ಡ ಸೋಲು. ದಂಡು ಹೋಗುವ ದಾರಿಯಲ್ಲಿ ಬಿತ್ತಿದವನ ಬೆಳೆ ಅವನದಾಗಿ ಉಳಿಯುತ್ತಿರಲಿಲ್ಲ. ಯುದ್ಧ ನಿಂತ ಕಾಲದಲ್ಲಿ ಬರ. 1876ರಿಂದ 78ರವರೆಗಿನ ದೊಡ್ಡ ಬರ ಈ ಭಾಗವನ್ನು ಹಿಂಡಿತು. ಎರಡು ಹೊಳೆಗಳ ನಡುವೆ ಇದ್ದೂ ನೀರಿಲ್ಲದ ಕರಿನೆಲ ಇದು. ಇಂಥ ಕಡೆ ಒಬ್ಬರನ್ನೊಬ್ಬರು ಕಂಡಾಗ ಬದುಕಿದ್ದೀಯಾ, ನೋವಿಲ್ಲವಾ, ಉಸಿರಾಡಲು ಬಿಡುವಿದೆಯಾ ಎಂದು ಕೇಳುವುದು ಬರಿಯ ಮರ್ಯಾದೆಯ ಮಾತಾಗಿರಲು ಸಾಧ್ಯವಿಲ್ಲ. ಆ ಪ್ರಶ್ನೆಗೆ ಇಲ್ಲಿ ಯಾವಾಗಲೂ ತೂಕವಿತ್ತು.

1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆ ಸಿಂಧನೂರಿನ ಹೊಲಗಳಿಗೆ ಬಂತು. ಜೋಳ, ಹತ್ತಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ನಿಂತಿತು. ಆಂಧ್ರದ ಕಡೆಯಿಂದ ಬಂದ ರೈತರು ಜಮೀನು ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸಿಂಧನೂರಿನ ಹತ್ತಿರ ಪುನರ್ವಸತಿ ಕ್ಯಾಂಪುಗಳು ಆದವು. ತೆಲುಗಿನವರು ತಮ್ಮೊಳಗೆ ‘ಬಾಗುನ್ನಾರಾ?’ ಅನ್ನುತ್ತಾರೆ, ಬಂಗಾಳಿಗಳು ‘ಕೆಮೋನ್ ಆಛೇನ್?’ ಅನ್ನುತ್ತಾರೆ, ಮುಸಲ್ಮಾನರು ಸಲಾಂ ಹೇಳುತ್ತಾರೆ, ತಂಡಾದವರು ‘ಜೈ ಸೇವಾಲಾಲ್’ ಅನ್ನುತ್ತಾರೆ. ಇವರೆಲ್ಲ ಸಿಂಧನೂರಿನ ಒಂದೇ ಗೊಬ್ಬರದ ಅಂಗಡಿ ಮುಂದೆ ಸೇರಿದಾಗ ಹೊರಡುವ ಮಾತು ‘ಅರಾಮಾ?’ ಅದನ್ನು ಯಾರಿಗೂ ಕಲಿಸಬೇಕಾಗಿಲ್ಲ. ತೆಲುಗಿನಲ್ಲೂ ಆರಾಂ ಉಂಟು, ಬಂಗಾಳಿಯಲ್ಲೂ ಆರಾಮ್ ಉಂಟು, ಲಂಬಾಣಿಗರಿಗೂ ಗೊತ್ತು. ಎಲ್ಲರ ಮನೆಯಲ್ಲೂ ಮೊದಲೇ ಇದ್ದ ಪದವನ್ನು ಎಲ್ಲರೂ ಬೀದಿಗೆ ತಂದು ಹಂಚಿಕೊಂಡಂತಾಯಿತು.

ಶರಣು ಎಂಬ ಪದವನ್ನು ಬಿಟ್ಟು ನಮ್ಮ ಕಡೆಯ ಮಾತು ಪೂರ್ತಿಯಾಗುವುದಿಲ್ಲ. ‘ಶರಣ್ರೀ’ ಅಂದರೆ ‘ಶರಣ್ರೀ’ ಅನ್ನುವ ಲಿಂಗಾಯತ ಮನೆಗಳು ಎಷ್ಟೊಂದು. ಶರಣಪ್ಪ, ಶರಣಮ್ಮ ಇಲ್ಲದ ಊರಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಆ ಪ್ರಸಿದ್ಧ ಕಥೆ ಎಲ್ಲರಿಗೂ ಗೊತ್ತು. ಸಮಗಾರ ಹರಳಯ್ಯ ದಾರಿಯಲ್ಲಿ ಬಸವಣ್ಣನಿಗೆ ಶರಣು ಅಂದ. ಬಸವಣ್ಣ ‘ಶರಣು ಶರಣಾರ್ಥಿ’ ಎಂದು ಮರುನುಡಿದ. ತನ್ನದು ಒಂದು ಶರಣು, ಅಣ್ಣನದು ಎರಡು. ಆ ಹೆಚ್ಚಿನ ಒಂದನ್ನು ಹೇಗೆ ತೀರಿಸಲಿ ಎಂದು ಹರಳಯ್ಯ-ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರು. ಒಂದು ವಂದನೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಜನ ಅವರು. ಅದರ ಹಿಂದಿನ ನೋವನ್ನೂ ನೋಡಬೇಕು. ಕೆಳಗಿನವನು ಬಾಗುವುದು, ಮೇಲಿನವನು ನೋಡಿ ಸುಮ್ಮನಿರುವುದು ರೂಢಿಯಾಗಿದ್ದ ಕಾಲದಲ್ಲಿ ಮರುಶರಣು ಸಿಕ್ಕಿದ್ದೇ ಒಂದು ಆಘಾತದಂಥ ಸಂತೋಷ. ‘ಅಡ್ಡಬಿದ್ದೆ’ ಎಂಬ ಮಾತನ್ನು ನಮ್ಮ ಊರುಗಳು ತೀರಾ ಇತ್ತೀಚಿನವರೆಗೆ ಕೇಳಿವೆ. ಅದಕ್ಕೆ ಉತ್ತರ ಬೇಕಿರಲಿಲ್ಲ. ತಲೆ ಆಡಿಸಿದರೂ ಆದೀತು, ಆಡಿಸದಿದ್ದರೂ ಆದೀತು.

ಅರಾಮದ ಗುಣ ನನಗೆ ಹಿಡಿಸುವುದು ಇಲ್ಲಿಯೇ. ಅದು ಬಾಗುವುದಿಲ್ಲ, ಕೇಳುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು, ಕೊಟ್ಟ ಮೇಲೆ ತಿರುಗಿ ಕೇಳಲೇಬೇಕು. ಇಲ್ಲವಾದರೆ ‘ಅವಗ ಮಾತಿನ ಕಿಮ್ಮತ್ತು ಗೊತ್ತಿಲ್ಲ’ ಅನ್ನುತ್ತಾರೆ. ಕೂಲಿಯವನು ‘ಅರಾಮದೀರಿ ಗೌಡ್ರ?’ ಅಂದಾಗ ಗೌಡರು ತಮ್ಮ ಸೊಂಟನೋವಿನ ಸುದ್ದಿ ಅವನಿಗೆ ಹೇಳಬೇಕಾಗುತ್ತದೆ, ಅವನ ಮಗುವಿನ ಜ್ವರದ ಸುದ್ದಿ ಕೇಳಬೇಕಾಗುತ್ತದೆ. ‘ಏನಪಾ’, ‘ಏನ್ರೀ’ಗಳಲ್ಲಿ ಮೇಲು-ಕೀಳು ಇನ್ನೂ ಅಂಟಿಕೊಂಡಿದೆ ನಿಜ, ಅದನ್ನು ಮುಚ್ಚಿಡಲು ನಾನು ಸಿದ್ಧನಿಲ್ಲ. ಆದರೆ ನಡುವಿನ ಪದ ಮಾತ್ರ ಇಬ್ಬರಿಗೂ ಒಂದೇ. ಗೌಡನ ಮೈಯೂ ನೋಯುತ್ತದೆ, ಕೂಲಿಯವನ ಮೈಯೂ ನೋಯುತ್ತದೆ. ಗೌಡನಿಗೂ ಅರಾಮ ಬೇಕು, ಕೂಲಿಯವನಿಗೂ ಬೇಕು. ಸಣ್ಣವರಿಗೂ ದೊಡ್ಡವರಿಗೂ ಎಟಕಬೇಕಾದದ್ದು ಎಂದು ಮಸ್ಕಿಯ ಬಂಡೆ ಹೇಳಿದ್ದನ್ನು ನಮ್ಮ ಜನ ಬೇರೊಂದು ದಾರಿಯಲ್ಲಿ ದಿನವೂ ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಈ ಪದಕ್ಕೆ ಬೇರೆ ಕಡೆ ಅಷ್ಟು ಒಳ್ಳೆಯ ಹೆಸರಿಲ್ಲ. ‘ಆರಾಮ್ ಹರಾಮ್ ಹೈ’ ಎಂಬುದು ನೆಹರೂ ಅವರ ಹೆಸರಿನೊಂದಿಗೆ ಅಂಟಿಕೊಂಡ ಘೋಷಣೆ. ಹೊಸ ದೇಶ ಕಟ್ಟುವ ಅವಸರದಲ್ಲಿ ಆರಾಮ ಎಂದರೆ ಮೈಗಳ್ಳತನ. ಆರಾಮ ಕುರ್ಚಿ ಎಂದರೆ ಕಾಲು ಚಾಚಿ ಕೂತ ಸಾಹುಕಾರ ಕಣ್ಣ ಮುಂದೆ ಬರುತ್ತಾನೆ. ಡ್ರಿಲ್ಲಿನಲ್ಲಿ ‘ಆರಾಮ್ ಸೇ’ ಎಂದರೆ ಬಿಗಿದ ಮೈ ಸಡಿಲಿಸಲು ಕೊಟ್ಟ ಅಪ್ಪಣೆ. ತುರ್ವಿಹಾಳದ ಗದ್ದೆಯ ಬದುವಿನ ಮೇಲೆ ನಿಂತು ನೋಡಿದವರಿಗೆ ಈ ಪದ ಬೇರೆಯೇ ಕಾಣುತ್ತದೆ. ಸೀರೆ ಮೇಲೆ ಅಂಗಿ ತೊಟ್ಟ ಹೆಣ್ಣುಮಕ್ಕಳು ಕೆಸರಿನಲ್ಲಿ ಸಾಲಾಗಿ ಬಾಗಿ ಸಸಿ ಹಚ್ಚುತ್ತಾರೆ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ನೀರೊಳಗೆ ಇಳಿದು ಏಳುತ್ತಲೇ ಇರುತ್ತದೆ. ಹಿಂದೆ ಹಿಂದೆ ಸರಿಯುತ್ತ ಹೋಗಬೇಕು. ಒಂದು ಮಡಿ ಮುಗಿಯುವವರೆಗೆ ಸೊಂಟ ನೆಟ್ಟಗಾಗುವುದಿಲ್ಲ. ಮುಗಿದ ಮೇಲೆ ಎರಡೂ ಕೈ ಸೊಂಟದ ಮೇಲಿಟ್ಟು ಹಿಂದಕ್ಕೆ ಬಾಗಿ ‘ಯವ್ವಾ…’ ಎಂದು ಉಸಿರು ಬಿಡುತ್ತಾರೆ, ಬುತ್ತಿ ಗಂಟು ಬಿಚ್ಚುತ್ತಾರೆ. ಆ ಅರ್ಧ ತಾಸಿನ ನೆರಳನ್ನು ಹರಾಮ ಅನ್ನಲು ಯಾರಿಗೆ ಬಾಯಿ ಬರುತ್ತದೆ? ದುಡಿದವರ ಭಾಷೆಯಲ್ಲಿ ಅರಾಮ ಎಂಬುದು ಬೆವರಿಗೆ ಸಲ್ಲಬೇಕಾದ ಬಾಕಿ. ಅದಕ್ಕೇ ಅವರು ಅದನ್ನು ಒಬ್ಬರಿಗೊಬ್ಬರು ಹಾರೈಸುತ್ತಾರೆ.

ಅರಾಮಿಲ್ಲದವರನ್ನು ನೋಡಲು ಹೋಗುವುದಕ್ಕೆ ನಮ್ಮ ಕಡೆ ‘ಮಾತಾಡ್ಸಾಕ ಹೋಗೋದು’ ಅನ್ನುತ್ತಾರೆ. ನೋಡುವುದು ಮುಖ್ಯವಲ್ಲ, ಮಾತಾಡಿಸುವುದು ಮುಖ್ಯ. ರಾಯಚೂರು ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಬಂದರೆ ದವಾಖಾನೆ ಎಂದರೆ ಬಳ್ಳಾರಿ, ಇಲ್ಲವೇ ಹೈದರಾಬಾದ್. ಹೈದರಾಬಾದಿನೊಳಗೆ ಬಸ್ಸು ಹೋಗುವಾಗ ಶಂಶಾಬಾದ್ ದಾಟಿದ ಮೇಲೆ ಸಿಗುವ ದೊಡ್ಡ ಸರ್ಕಲ್ಲಿನ ಹೆಸರು ಆರಾಮ್‌ಘರ್. ಕಂಡಕ್ಟರ್ ಆ ಹೆಸರು ಕೂಗಿದಾಗ, ತೊಡೆಯ ಮೇಲೆ ಸ್ಕ್ಯಾನಿಂಗ್ ಕಾಗದಗಳ ಚೀಲ ಇಟ್ಟುಕೊಂಡು ಕೂತವರು ತಲೆಯೆತ್ತಿ ನೋಡುತ್ತಾರೆ. ದವಾಖಾನೆಯಿಂದ ಮರಳಿದವರ ಮನೆಗೆ ಊರೇ ಬರುತ್ತದೆ. ಬಂದವರು ಬ್ರೆಡ್ಡು, ಮೋಸಂಬಿ ತರುತ್ತಾರೆ, ಮಂಚದ ಅಂಚಿಗೆ ಕೂತು ‘ಈಗ ಅರಾಮನಾ ಯಕ್ಕ?’ ಅನ್ನುತ್ತಾರೆ. ಅವಳು ಡಾಕ್ಟರಿಗೆ ಹೇಳದೆ ಉಳಿಸಿಕೊಂಡ ಭಯವನ್ನು ಇವರ ಮುಂದೆ ಹೇಳುತ್ತಾಳೆ. ಗುಳಿಗೆ ತನ್ನ ಕೆಲಸ ಮಾಡುತ್ತದೆ, ಈ ಪ್ರಶ್ನೆ ತನ್ನ ಕೆಲಸ ಮಾಡುತ್ತದೆ. ಸಾವಿನ ಮನೆಗೂ ‘ಮಾತಾಡ್ಸಾಕ’ ಹೋಗುತ್ತಾರೆ, ಆದರೆ ಅಲ್ಲಿ ಯಾರೂ ಅರಾಮಾ ಅನ್ನುವುದಿಲ್ಲ. ಸುಮ್ಮನೆ ಹತ್ತಿರ ಕೂರುತ್ತಾರೆ. ಎಲ್ಲಿ ಕೇಳಬಾರದು ಎಂಬುದೂ ತಿಳಿದಿರುವುದರಿಂದಲೇ ಕೇಳಿದಾಗ ಅದಕ್ಕೆ ಬೆಲೆ.

ಉತ್ತರಗಳ ಸೂಕ್ಷ್ಮ ಇನ್ನೂ ದೊಡ್ಡದು. ಬರೀ ‘ಅರಾಮ್’ ಅಂದರೆ ಎಲ್ಲ ಸರಿಯಿದೆ, ಅವಸರದಲ್ಲಿದ್ದೇನೆ. ‘ಅರಾಮ ನೋಡ್ರಿ’ ಅಂದರೆ ಸರಿಯಿದೆ, ಕೂತು ಮಾತಾಡೋಣ. ‘ಹಾಂ… ಅರಾಮ’ ಎಂದು ನಡುವೆ ಉಸಿರು ಬಿಟ್ಟರೆ ಏನೋ ಇದೆ, ಇನ್ನೊಮ್ಮೆ ಕೇಳಬೇಕು. ‘ಏನ್ ಅರಾಮೋ ಏನೋ’ ಅಂದರೆ ಚಾ ಕುಡಿಸಿ ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳಬೇಕು. ನಮ್ಮ ಭಾಗದಿಂದ ಗುಳೆ ಹೋದವರು ಬೆಂಗಳೂರಿನ ಕಟ್ಟಡಗಳ ಕೆಳಗೆ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ರಾತ್ರಿ ಫೋನಿನಲ್ಲಿ ಮಗ ‘ಅರಾಮದೀನಬೇ ಯವ್ವಾ’ ಅಂದರೆ ಊರಲ್ಲಿರುವ ತಾಯಿ ಆ ಪದವನ್ನಲ್ಲ, ಅದರ ದನಿಯನ್ನು ಕೇಳಿಸಿಕೊಳ್ಳುತ್ತಾಳೆ. ‘ಯಾಕ, ದನಿ ಸಣ್ಣಗಾಗೇತಲ್ಲ? ಉಂಡಿಯಾ?’ ಎಂದು ಹಿಡಿದು ನಿಲ್ಲಿಸುತ್ತಾಳೆ. ಮಗನಿಗೆ ಆಗ ಖರೆ ಹೇಳದೆ ಬೇರೆ ದಾರಿ ಇಲ್ಲ. ಮೇಸ್ತ್ರಿ ಪಗಾರ ಕೊಟ್ಟಿಲ್ಲ, ಕೈಗೆ ಪೆಟ್ಟಾಗಿದೆ, ಊರು ನೆನಪಾಗುತ್ತಿದೆ, ಯಾವುದಿದ್ದರೂ ಹೊರಗೆ ಬರುತ್ತದೆ.

ಹೊಸ ಹುಡುಗರ ಬಾಯಲ್ಲಿ ಈಗ ‘ಹಾಯ್’, ‘ಬ್ರೋ’, ಬೆಂಗಳೂರಿನ ‘ಮಗಾ’ ಎಲ್ಲ ಬಂದಿವೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಫ್ಯಾಶನ್ನಿನ ಪದಗಳು ಬರುತ್ತವೆ, ಕೆಲವು ಉಳಿಯುತ್ತವೆ. ಆರು ನೂರು ವರ್ಷದ ಹಿಂದೆ ಅರಾಮವೂ ಯಾರೋ ಹೊಸ ಹುಡುಗರ ಬಾಯಲ್ಲೇ ಮೊದಲು ಆಡಿರಬೇಕು. ನನ್ನ ಕಾಳಜಿ ಬೇರೆ. ‘ಹಾಯ್’ ಅಂದರೆ ‘ಹಾಯ್’ ಅಂದು ದಾಟಿ ಹೋಗಬಹುದು, ಅಲ್ಲಿಗೆ ಅದು ಮುಗಿಯಿತು. ಅರಾಮವನ್ನೂ ಹಾಗೆ ದಾಟಿ ಹೋಗುವ ಮಾತಾಗಿ ಮಾಡಿಬಿಟ್ಟರೆ ಅದರ ಜೀವ ಹೋದಂತೆ. ಬೈಕು ನಿಲ್ಲಿಸದೆ ‘ಅರಾಮಾ ಕಾಕಾ?’ ಎಂದು ಕೂಗಿ ಉತ್ತರ ಬರುವಷ್ಟರಲ್ಲಿ ಅಗಸಿ ದಾಟಿರುವವನು ಕೇಳಿದಂತಾಗಲಿಲ್ಲ. ಕೇಳಿದವನು ಕಾಲು ಊರಿ ನಿಲ್ಲಬೇಕು. ಎದುರಿನವನು ಅರಾಮ ಅಂದರೆ ಅವನ ಮುಖ ನೋಡಬೇಕು. ಅರಾಮಿಲ್ಲ ಅಂದರೆ ಯಾಕೆ ಎಂದು ಕೇಳಿ ಕೈಲಾದದ್ದು ಮಾಡಬೇಕು. ಸಿಂಧನೂರಿನ ದವಾಖಾನೆಗೆ ಕರೆದುಕೊಂಡು ಹೋಗುವುದೋ, ನಾಲ್ಕು ದಿನ ಅವನ ದನಕ್ಕೆ ಮೇವು ಹಾಕುವುದೋ, ಏನೂ ಆಗದಿದ್ದರೆ ಒಂದು ತಾಸು ಜೊತೆಗೆ ಕೂರುವುದೋ.

ನೀವು ತುರ್ವಿಹಾಳದ ಕಡೆ ಬಂದರೆ ಈ ಪ್ರಶ್ನೆ ನಿಮಗೂ ಬರುತ್ತದೆ, ಗುರುತಿಲ್ಲದಿದ್ದರೂ ಬರುತ್ತದೆ. ‘ಯಾವೂರ್ರೀ? ಅರಾಮದೀರಿ?’ ಅನ್ನುತ್ತಾರೆ. ಒಂದೇ ಪದದಲ್ಲಿ ತೀರಿಸಬೇಡಿ. ನಿಮ್ಮ ಕಡೆ ಮಳೆ ಹೇಗಿದೆ, ಮನೆಯಲ್ಲಿ ಯಾರ‍್ಯಾರಿದ್ದಾರೆ, ಏನು ಬೆಳೆದಿದ್ದೀರಿ ಎಲ್ಲ ಹೇಳಿ, ಅವರು ಕೇಳಿಸಿಕೊಳ್ಳುತ್ತಾರೆ. ಹೇಳಿ ಮುಗಿದ ಮೇಲೆ ನೀವೂ ಕೇಳಿ, ಕೇಳಿ ನಿಲ್ಲಿ. ಅವರ ಬಳಿ ಹೇಳುವುದು ಬಹಳ ಇರುತ್ತದೆ.